ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಕರಾಟೆ, ತೈ ಚಿ: ಎಲ್ಲಿಂದ ಶುರು ಮಾಡಬೇಕು?

"ಚಿಕಿತ್ಸೆ ಮುಗಿದಿದೆ, ಕರಾಟೆ ಕ್ಲಾಸಿಗೆ ಸೇರಬಹುದಾ?" "ಅಮ್ಮನಿಗೆ ಎಡಗಡೆ ಆಪರೇಷನ್ ಆಗಿದೆ, ತೈ ಚಿ ಮಾಡಿದರೆ ಕೈ ಊದಿಕೊಳ್ಳುತ್ತಾ?" ನಾನು ಹೆಂಗಸರಿಗೆ ಕರಾಟೆ ಹೇಳಿಕೊಡುವವಳು ಅಂತ ಗೊತ್ತಿರುವ ಓದುಗರು ಈ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಉತ್ತರವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ತೈ ಚಿ ಅಂದರೆ ನಿಧಾನ ಚಲನೆಗಳ ಚೀನೀ ಸಮರಕಲೆ.

ಹೆಚ್ಚಿನವರು ಕಲಿಯಬಹುದು. ಆದರೆ ಡಾಕ್ಟರ್ ಒಪ್ಪಬೇಕು, ಹೊಡೆದಾಟ ಇರಬಾರದು, ಕೈಗೆ ಕೆಲಸ ಕೊಡುವುದು ತೀರಾ ನಿಧಾನವಾಗಿ ಆಗಬೇಕು. ಈ ಮೂರರಲ್ಲಿ ಜನ ತಪ್ಪುವುದು ಮೂರನೆಯದರಲ್ಲೇ.

ಮನೆಯವರು ಹೇಳುವುದು ಇದಕ್ಕೆ ಉಲ್ಟಾ ಇರುತ್ತದೆ. "ಆ ಕೈಯಲ್ಲಿ ಕೊಡ ಎತ್ತಬೇಡ, ಬಟ್ಟೆ ಹಿಂಡಬೇಡ." ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಹಿಂದೆ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು. ಕಂಕುಳಿನ ಲಿಂಫ್ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ (ನಮ್ಮ ಕಡೆ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು) ಕೊಟ್ಟಾಗ, ಕೈಯ ನೀರಿನಂಥ ದ್ರವ ಹರಿದುಹೋಗುವ ದಾರಿ ಕಿರಿದಾಗುತ್ತದೆ. ದ್ರವ ನಿಂತು ಕೈ ಊದಿಕೊಂಡರೆ ಅದಕ್ಕೆ ಲಿಂಫೆಡಿಮಾ ಅನ್ನುತ್ತಾರೆ. ಭಾರದ ಕೆಲಸ ಮಾಡಿದರೆ ಊತ ಬರುತ್ತದೆ ಅನ್ನುವುದು ಹಳೆಯ ನಂಬಿಕೆ. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಚಿಕಿತ್ಸೆ ಮುಗಿಸಿದ ಹೆಂಗಸರ ತಂಡ ಕಟ್ಟಿ ಅವರಿಂದ ಡ್ರ್ಯಾಗನ್ ದೋಣಿ (ಹಲವರು ಒಟ್ಟಿಗೆ ಕೂತು ನಡೆಸುವ ಉದ್ದನೆಯ ದೋಣಿ) ನಡೆಸಿದರು. ಆ ನಂಬಿಕೆಯನ್ನು ಅವರು ಹಾಗೆ ಪರೀಕ್ಷೆಗೆ ಒಡ್ಡಿದರು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿ ಪ್ರಕಟಿಸಿದರು. ಆಗಲೇ ಕೈ ಊತ ಇದ್ದ 141 ಹೆಂಗಸರು ಅದರಲ್ಲಿದ್ದರು. ಮೇಲ್ವಿಚಾರಣೆಯಲ್ಲಿ ಸ್ವಲ್ಪ ಸ್ವಲ್ಪವೇ ಭಾರ ಏರಿಸಿದವರಿಗೆ ಊತ ಜಾಸ್ತಿ ಆಗಲಿಲ್ಲ. ಊತ ಕೆರಳುವುದು ಅವರಲ್ಲಿ ಕಡಿಮೆಯೇ ಆಯಿತು. ಅವರು ಶುರು ಮಾಡಿದ್ದು ಭಾರವೇ ಇಲ್ಲದೆ, ಅಥವಾ ತೀರಾ ಕಡಿಮೆ ಭಾರದಿಂದ. ಈ ಲೇಖನದ ಪೂರ್ತಿ ಲೆಕ್ಕಾಚಾರ ಅದೇ.

ತೈ ಚಿ ಬಗ್ಗೆಯೂ ಒಳ್ಳೆಯ ಅಧ್ಯಯನಗಳಿವೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಇರ್ವಿನ್ ತಂಡ, ಸ್ತನ ಕ್ಯಾನ್ಸರ್ ದಾಟಿ ನಿದ್ದೆ ಬಾರದೆ ಒದ್ದಾಡುತ್ತಿದ್ದ 90 ಹೆಂಗಸರನ್ನು ನೋಡಿತು. ಅರ್ಧ ಜನರಿಗೆ ನಿದ್ರಾಹೀನತೆಗೆ ಕೊಡುವ ಮಾತಿನ ಚಿಕಿತ್ಸೆ, ಉಳಿದವರಿಗೆ ಮೂರು ತಿಂಗಳು ತೈ ಚಿ. 15 ತಿಂಗಳ ಕೊನೆಗೆ ಎರಡೂ ಗುಂಪಿನವರಿಗೆ ಹೆಚ್ಚು ಕಡಿಮೆ ಒಂದೇ ಮಟ್ಟದ ಗುಣ ಕಂಡಿತು.

ವಾಕಿಂಗ್ ಸಾಲದಾ ಅಂತ ಕೇಳಬಹುದು. ವಾಕಿಂಗ್ ಒಳ್ಳೆಯದು, ಬಿಡಬೇಡಿ. ಆದರೆ ವಾಕಿಂಗ್‌ನಲ್ಲಿ ಭುಜ ಪೂರ್ತಿ ತೆರೆಯುವುದಿಲ್ಲ, ಒಂಟಿ ಕಾಲಿನ ಸಮತೋಲ ಬರುವುದಿಲ್ಲ. ಇನ್ನೊಂದು ವಿಷಯವೂ ಇದೆ. ತಿಂಗಳುಗಟ್ಟಲೆ ಸೂಜಿ, ಸ್ಕ್ಯಾನ್, ಹೊಲಿಗೆ ಅಂತ ಬೇರೆಯವರ ಕೈಯಲ್ಲಿದ್ದ ಮೈ ಇದು. ಗಟ್ಟಿಯಾಗಿ ಕಾಲೂರಿ ನಿಂತು, ದನಿ ತೆಗೆದು ಒಂದು ಪಂಚ್ ಹಾಕಿದಾಗ ಆ ಮೈ ಮತ್ತೆ ತನ್ನದು ಅನ್ನಿಸುತ್ತದೆ ಅಂತ ನನ್ನ ಕ್ಲಾಸಿನ ಹೆಂಗಸರು ಹೇಳುತ್ತಾರೆ. ನನಗೆ ಇದು ದೊಡ್ಡ ಲಾಭವಾಗಿಯೇ ಕಾಣುತ್ತದೆ.

ಯಾವ ಕಲೆ?

ಮೈಯಲ್ಲಿ ಇನ್ನೂ ಸುಸ್ತು ಜಾಸ್ತಿ ಇದ್ದರೆ, 60 ದಾಟಿದ್ದರೆ, ಪಾದ ಮರಗಟ್ಟಿದ್ದರೆ ತೈ ಚಿಯಿಂದ ಶುರು ಮಾಡಿ. 1956ರಲ್ಲಿ ಚೀನಾದಲ್ಲಿ ಸಾಮಾನ್ಯ ಜನರಿಗಾಗಿಯೇ ಜೋಡಿಸಿದ 24 ವರಸೆಗಳ ಯಾಂಗ್ ಶೈಲಿ ಹೆಚ್ಚಿನ ಕಡೆ ಕಲಿಸುತ್ತಾರೆ. ಸ್ವಲ್ಪ ಬಲ ಇದ್ದರೆ ಕರಾಟೆಯ ಕಿಹೊನ್ ಮತ್ತು ಕಾತಾ ಚೆನ್ನಾಗಿರುತ್ತದೆ. ಕಿಹೊನ್ ಅಂದರೆ ಪಂಚ್, ತಡೆ, ಒದೆತಗಳ ಮೂಲ ಅಭ್ಯಾಸ. ಕಾತಾ ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ನಿಗದಿತ ವರಸೆ. ಕಳರಿಪಯಟ್ಟು ಸುಂದರ ಕಲೆ, ಆದರೆ ಅದರಲ್ಲಿ ತುಂಬಾ ತಗ್ಗಿ ನಿಲ್ಲಬೇಕು, ಕಾಲು ಎತ್ತರಕ್ಕೆ ಬೀಸಬೇಕು. ಮೊದಲ ವರ್ಷಕ್ಕೆ ಬೇಡ. ದೊಣ್ಣೆವರಸೆಯೂ ಆಮೇಲೆ ನೋಡೋಣ, ಮಣಿಕಟ್ಟು ಮತ್ತು ಭುಜಕ್ಕೆ ಅದು ಒಮ್ಮೆಲೇ ಕೆಲಸ ಕೊಡುತ್ತದೆ. ಜೂಡೊ, ಜಿಯು-ಜಿತ್ಸುಗಳಲ್ಲಿ ಬೀಳುವುದು, ಎಳೆದಾಡುವುದು, ಎದೆ ಮೇಲೆ ಭಾರ ಬೀಳುವುದು ಇದ್ದೇ ಇರುತ್ತದೆ. ಅವುಗಳನ್ನು ನಾನು ಸಲಹೆ ಮಾಡುವುದಿಲ್ಲ.

ಹಂತ 1: ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಿ

"ಎಕ್ಸರ್ಸೈಜ್ ಮಾಡಬಹುದಾ?" ಅಂತ ಕೇಳಿದರೆ "ಹ್ಞೂಂ, ಲೈಟಾಗಿ ಮಾಡಿ" ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬಿಡಿಸಿ ಕೇಳಿ.

ಗಾಯ ಪೂರ್ತಿ ಮಾಗಿದೆಯೇ? ಆಪರೇಷನ್ ಆಗಿ ಎರಡು ತಿಂಗಳೂ ಆಗಿಲ್ಲದಿದ್ದರೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನಷ್ಟೇ ಮಾಡಿ, ಕ್ಲಾಸಿನ ಮಾತು ಬೇಡ. ಹೊಟ್ಟೆಯ ಅಥವಾ ಬೆನ್ನಿನ ಮಾಂಸ ತೆಗೆದು ಸ್ತನ ಮರುರಚನೆ ಮಾಡಿದ್ದರೆ ಇನ್ನೂ ಜಾಸ್ತಿ ಕಾಯಬೇಕಾಗುತ್ತದೆ.

ನನ್ನ ಹೃದಯ ಹೇಗಿದೆ? ಕೆಂಪು ಬಣ್ಣದ ಕೀಮೋ ಔಷಧ, ಅಂದರೆ ಡಾಕ್ಸೊರುಬಿಸಿನ್, ಕೊಟ್ಟಿದ್ದರೆ ಅಥವಾ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಆಗಿದ್ದರೆ ಇದನ್ನು ತಪ್ಪದೆ ಕೇಳಿ. ಇವು ಕೆಲವರಲ್ಲಿ ಹೃದಯದ ಬಲ ಕುಗ್ಗಿಸುತ್ತವೆ. ಹೃದಯದ ಸ್ಕ್ಯಾನ್ ಆದ ಎಕೋದ ಕೊನೆಯ ರಿಪೋರ್ಟ್ ತೋರಿಸಿ ಕೇಳಿ.

ಮೂಳೆ ಹೇಗಿದೆ? ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಮೂಳೆ ಸವೆಸುತ್ತವೆ, ಕೀಲುನೋವು ತರುತ್ತವೆ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಿದೆಯೇ ನೋಡಿ. ಮೂಳೆ ಸವೆದಿದ್ದರೆ ಜಿಗಿಯುವುದು, ಬೀಳುವ ಅಭ್ಯಾಸ, ಮುಂದಕ್ಕೆ ಬಗ್ಗಿ ಜೋರಾಗಿ ತಿರುಗುವುದು ಬೇಡ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಈ ಲೇಖನ ನೋಡಿ ನೀವೇ ಶುರು ಮಾಡಬೇಡಿ. ನಿಮ್ಮ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಮತ್ತು ಫಿಸಿಯೋಥೆರಪಿಸ್ಟ್ ಇಬ್ಬರೂ ಸೇರಿ ನಿಮಗೆ ಅಂತಲೇ ಹೇಳಬೇಕು.

ಕೀಮೋ ಇನ್ನೂ ನಡೆಯುತ್ತಿದ್ದರೆ ಗುಂಪಿನ ಕ್ಲಾಸ್ ಬೇಡ. ಆಗ ಸೋಂಕು ಬೇಗ ತಗಲುತ್ತದೆ. ಮನೆಯಲ್ಲೇ ನಡೆದಾಡಿ.

ಹಂತ 2: ಮೊದಲ ದಿನಕ್ಕೂ ಮುಂಚೆ ಕೈ ಅಳೆಯಿರಿ

ಇದನ್ನು ಬಿಡುವವರೇ ಹೆಚ್ಚು. ಐದು ನಿಮಿಷದ ಕೆಲಸ, ದಯವಿಟ್ಟು ಮಾಡಿ. ಬಟ್ಟೆ ಹೊಲಿಯುವವರ ಟೇಪು ಸಾಕು. ಮಣಿಕಟ್ಟಿನ ಉಬ್ಬಿದ ಮೂಳೆಯಿಂದ ಮೇಲಕ್ಕೆ 10, 20, 30 ಸೆಂಟಿಮೀಟರ್ ದೂರದಲ್ಲಿ ಪೆನ್ನಿನಿಂದ ಗುರುತು ಹಾಕಿ. ಮಣಿಕಟ್ಟು ಮತ್ತು ಆ ಮೂರು ಜಾಗಗಳ ಸುತ್ತಳತೆ ಬರೆದುಕೊಳ್ಳಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಎರಡೂ ಕೈ ಅಳೆಯಿರಿ. ಕೆಲಸ ಮಾಡುವ ಕೈ ಮೊದಲಿಂದಲೂ ಸ್ವಲ್ಪ ದಪ್ಪ ಇರಬಹುದು. ಅದಕ್ಕೇ ನಿಮ್ಮ ಮೊದಲ ದಿನದ ಅಳತೆಯೇ ನಿಮಗೆ ಆಧಾರ.

ಆಮೇಲೆ ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿಗೆ ಅಳೆಯಿರಿ. ಒಂದೇ ಜಾಗದಲ್ಲಿ ಎರಡು ಕೈಗಳ ನಡುವಿನ ಅಂತರ ಮೊದಲಿಗಿಂತ 2 ಸೆಂಟಿಮೀಟರ್ ಹೆಚ್ಚಿದರೆ ಡಾಕ್ಟರಿಗೆ ತೋರಿಸಿ. ಅಷ್ಟಾಗುವವರೆಗೂ ಕಾಯಲೇಬೇಕು ಅಂತಿಲ್ಲ. ಟೇಪಿಗಿಂತ ಮೊದಲು ಬಳೆ ಹೇಳುತ್ತದೆ. ಸಲೀಸಾಗಿ ತಿರುಗುತ್ತಿದ್ದ ಬಳೆ ಚರ್ಮದ ಮೇಲೆ ಗುರುತು ಬಿಡಲು ಶುರು ಮಾಡಿದರೆ, ಉಂಗುರ ಬಿಗಿಯಾದರೆ, ರವಿಕೆಯ ಒಂದು ತೋಳು ಮಾತ್ರ ಹಿಡಿದ ಹಾಗೆ ಆದರೆ ಗಮನಿಸಿ. ಕೈ ಸುಮ್ನೆ ಭಾರ ಅನ್ನಿಸುವುದೂ ಒಂದು ಸೂಚನೆ.

ಆಗಲೇ ಲಿಂಫೆಡಿಮಾ ಇದೆಯೇ? ಹಾಗಾದರೆ ಕ್ಲಾಸಿನಲ್ಲಿ ಕಂಪ್ರೆಶನ್ ಸ್ಲೀವ್ ಹಾಕಿಕೊಳ್ಳಿ. ಅದು ಕೈಯನ್ನು ಹದವಾಗಿ ಒತ್ತಿ ಹಿಡಿಯುವ ಬಿಗಿ ತೋಳು. ತಿಳಿದವರಿಂದ ಅಳತೆ ಕೊಟ್ಟೇ ತೆಗೆದುಕೊಳ್ಳಿ. ಅಂದಾಜಿನಲ್ಲಿ ಕೊಂಡ ಸ್ಲೀವ್ ಮಣಿಕಟ್ಟಿನಲ್ಲಿ ಬಿಗಿದು ಬೆರಳು ಊದಿಸುತ್ತದೆ.

ಹಂತ 3: ಕ್ಲಾಸಿಗಿಂತ ಮುಖ್ಯ ಮೇಷ್ಟ್ರು

ಬಡಾವಣೆಗೊಂದು ಕರಾಟೆ ಕ್ಲಾಸ್ ಇರುತ್ತದೆ. ಹೆಚ್ಚಿನವು ಮಕ್ಕಳಿಗೆ ಅಂತ ನಡೆಯುವಂಥವು. ಸೇರುವ ಮೊದಲು ಒಂದು ದಿನ ಹೋಗಿ ಕೂತು ನೋಡಿ. ವಾರ್ಮಪ್‌ನಲ್ಲೇ ಸಿಮೆಂಟ್ ನೆಲದ ಮೇಲೆ ಮುಷ್ಟಿ ಊರಿ ಪುಶ್‌ಅಪ್, ಕಪ್ಪೆ ಜಿಗಿತ ಇದ್ದರೆ, ಆಗದವರಿಗೆ ಬೇರೆ ದಾರಿ ಹೇಳಿಕೊಡುತ್ತಾರಾ ಅಂತ ಗಮನಿಸಿ.

ಮೇಷ್ಟ್ರಿಗೆ ನಿಮ್ಮ ಪೂರ್ತಿ ಕಥೆ ಹೇಳಬೇಕಾಗಿಲ್ಲ. ಇಷ್ಟು ಹೇಳಿ: "ಸರ್, ನನಗೆ ಎದೆಯ ಈ ಕಡೆ ಆಪರೇಷನ್ ಆಗಿದೆ. ಈ ಕೈಯನ್ನು ಯಾರೂ ಎಳೆಯಬಾರದು, ತಿರುಚಬಾರದು. ನಾನು ಕಾತಾ ಮಾಡ್ತೀನಿ, ಕುಮಿತೆ ಮಾಡಲ್ಲ. ನೋವಾದರೆ ನಾನೇ ನಿಲ್ಲಿಸ್ತೀನಿ." ಕುಮಿತೆ ಅಂದರೆ ಎದುರಾಳಿಯ ಜೊತೆಗಿನ ಸೆಣಸು. ನಿಮ್ಮ ಭಂಗಿ ತಿದ್ದಲು ಮೈ ಮುಟ್ಟುವ ಮೊದಲು ಕೇಳಬೇಕು ಅಂತಲೂ ಹೇಳಬಹುದು. ರೇಡಿಯೇಷನ್ ಆದ ಚರ್ಮ ನೋಯುತ್ತದೆ, ಕೆಲವು ಕಡೆ ಸ್ಪರ್ಶವೇ ತಿಳಿಯುವುದಿಲ್ಲ.

ಇದನ್ನು ಕೇಳಿ "ಏನೂ ಆಗಲ್ಲ ಮೇಡಂ, ಮಾಡ್ತಾ ಮಾಡ್ತಾ ಸರಿಹೋಗುತ್ತೆ" ಅಂದರೆ ಆ ಕ್ಲಾಸ್ ಬೇಡ. "ಯಾವ ಕಡೆ? ಕೈ ಎಷ್ಟು ಮೇಲಕ್ಕೆ ಹೋಗುತ್ತೆ ತೋರಿಸಿ" ಅಂತ ಕೇಳುವವರ ಹತ್ತಿರ ಕಲಿಯಿರಿ. ಆನ್‌ಲೈನ್ ಕ್ಲಾಸ್ ತೈ ಚಿಗೆ ಪರವಾಗಿಲ್ಲ. ಕರಾಟೆಯನ್ನು ಮೊದಲ ಮೂರು ತಿಂಗಳಾದರೂ ಎದುರಿಗೆ ನಿಂತು ಕಲಿಯಿರಿ.

ಹಂತ 4: ಬಟ್ಟೆ, ಪಾದ

ಕರಾಟೆ ಡ್ರೆಸ್‌ನ ಕಾಲರ್ ದಪ್ಪ, ಒರಟು. ಹೊಲಿಗೆ ಜಾಗಕ್ಕೂ, ಕಾಲರ್ ಮೂಳೆ ಕೆಳಗೆ ಕೀಮೋ ಪೋರ್ಟ್ (ಔಷಧ ಕೊಡಲು ಚರ್ಮದ ಕೆಳಗೆ ಕೂರಿಸಿದ ಸಾಧನ) ಇದ್ದರೆ ಅದಕ್ಕೂ ಉಜ್ಜುತ್ತದೆ. ಒಳಗೆ ಮೆತ್ತನೆಯ ಹತ್ತಿ ಟೀ ಶರ್ಟ್ ಇರಲಿ. ಹೊಟ್ಟೆಯಿಂದ ಮಾಂಸ ತೆಗೆದವರು ಬೆಲ್ಟಿನ ಗಂಟನ್ನು ಆ ಗಾಯದ ಮೇಲೆ ಬಿಗಿಯಬೇಡಿ. ಟ್ಯಾಮೊಕ್ಸಿಫೆನ್ ಅಥವಾ ಲೆಟ್ರೊಜೋಲ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ. ಬೆಳಗಿನ ತಂಪು ಹೊತ್ತಿನ ಕ್ಲಾಸ್ ಆರಿಸಿಕೊಳ್ಳಿ. ಬ್ರಾ ಒಳಗೆ ಕೃತಕ ಸ್ತನ ಇಡುವವರು ವ್ಯಾಯಾಮಕ್ಕೆ ಹಗುರವಾದ ಫೋಮಿನದನ್ನು ಬಳಸಿ.

ಪಾದದ ವಿಷಯ. ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಆದ ಅನೇಕರಿಗೆ ಬೆರಳು, ಅಂಗಾಲು ಮರಗಟ್ಟಿರುತ್ತವೆ. ಬರಿಗಾಲಿನಲ್ಲಿ ಏನು ಚುಚ್ಚಿದರೂ ಗೊತ್ತಾಗುವುದಿಲ್ಲ. ತೆಳು ಅಟ್ಟೆಯ ಶೂ ಹಾಕಿಕೊಳ್ಳಲು ಅನುಮತಿ ಕೇಳಿ. ಕ್ಲಾಸ್ ಮುಗಿದ ಮೇಲೆ ಅಂಗಾಲು ನೋಡಿಕೊಳ್ಳಿ.

ಹಂತ 5: ಮೊದಲ ನಾಲ್ಕು ವಾರ, ಕಾಲು ಮತ್ತು ಉಸಿರು

ವಾರಕ್ಕೆ 2 ದಿನ, ದಿನಕ್ಕೆ 20 ನಿಮಿಷ ಸಾಕು. ಕೈ ಸೊಂಟದ ಹತ್ತಿರವೇ ಇರಲಿ. ಜೆಂಕುತ್ಸು ದಾಚಿ, ಅಂದರೆ ಮುಂಗಾಲು ಮಡಿಸಿ ಹಿಂಗಾಲು ಚಾಚಿ ನಿಲ್ಲುವ ನಿಲುವು, ಇದರಲ್ಲಿ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ. ಮಂಡಿ ನೋವಿದ್ದರೆ ತಗ್ಗುವುದು ಬೇಡ. ಗೋಡೆ ಪಕ್ಕದಲ್ಲಿ ನಿಂತು ಒಂಟಿ ಕಾಲಿನ ಅಭ್ಯಾಸ ಮಾಡಿ. ಹೆಜ್ಜೆ ಮುಗಿಯುವಾಗ ಉಸಿರು ಬಿಡಿ. ಎದೆಯ ಆಪರೇಷನ್ ಆದವರು ಗೊತ್ತಿಲ್ಲದೆ ಉಸಿರು ಕಟ್ಟುತ್ತಾರೆ, ಅದನ್ನು ಗಮನಿಸಿ ಬಿಡಿಸಿಕೊಳ್ಳಬೇಕು.

ವೇಗ ಎಷ್ಟು? ಮಾಡುತ್ತಾ ಮಾಡುತ್ತಾ ಒಂದು ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಸರಿಯಾದ ವೇಗ.

ಸುಸ್ತು ಜಾಸ್ತಿ ಇರುವ ದಿನ ರಜೆ ಹಾಕಬೇಕು ಅನ್ನಿಸುತ್ತದೆ, ಅಲ್ವಾ? ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಮಲಗಿದರೆ ಹೋಗುವಂಥದ್ದಲ್ಲ. ಮೈ ಸ್ವಲ್ಪ ಅಲುಗಾಡಿಸಿದರೇ ಅದು ಕಡಿಮೆಯಾಗುವುದು. ಆ ದಿನ 10 ನಿಮಿಷ ಮಾಡಿ ನಿಲ್ಲಿಸಿ. ಜ್ವರ ಇದ್ದರೆ ಮಾತ್ರ ಪೂರ್ತಿ ರಜೆ.

ಹಂತ 6: ಎರಡನೇ ತಿಂಗಳು, ಕೈ ಸೇರಿಸುವುದು

ಇಲ್ಲಿ ಆತುರ ಬೇಡವೇ ಬೇಡ. ಕೈಯ ಚಲನೆಗಳಿಗೆ ಒಂದು ಕ್ರಮ ಇದೆ.

ಮೊದಲು ಗೆದಾನ್ ಬರಾಯ್, ಕೆಳಗಿನ ತಡೆ. ಕೈ ಭುಜದಿಂದ ಕೆಳಕ್ಕೆ ಇಳಿಯುತ್ತದೆ, ಕಂಕುಳ ಹಿಗ್ಗುವುದಿಲ್ಲ. ಮುಷ್ಟಿಯನ್ನು ಎದುರು ಕಿವಿಯವರೆಗೆ ಒಯ್ಯಲು ಆಗದಿದ್ದರೆ ಎದೆ ಮಟ್ಟದಿಂದಲೇ ಶುರು ಮಾಡಿ.

ಆಮೇಲೆ ನೇರ ಪಂಚ್. ಇದರಲ್ಲಿ ಹೊಡೆಯುವ ಕೈಗಿಂತ ಹಿಂದಕ್ಕೆ ಬರುವ ಕೈ ಮುಖ್ಯ. ಅದಕ್ಕೆ ಹಿಕಿತೆ ಅನ್ನುತ್ತಾರೆ. ಒಂದು ಮುಷ್ಟಿ ಮುಂದಕ್ಕೆ ಹೋದಾಗ ಇನ್ನೊಂದು ಮೊಣಕೈ ಪಕ್ಕೆಲುಬು ಸವರುತ್ತಾ ಹಿಂದಕ್ಕೆ ಬರುತ್ತದೆ. ಆಪರೇಷನ್ ಆದವರು ಎದೆ ಕಾಪಾಡಿಕೊಳ್ಳಲು ಭುಜ ಮುಂದಕ್ಕೆ ಬಾಗಿಸಿ ನಡೆಯುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಹಿಕಿತೆ ಆ ಭುಜವನ್ನು ಪ್ರತಿ ಪಂಚ್‌ಗೂ ಒಂದಿಷ್ಟು ಹಿಂದಕ್ಕೆ ತರುತ್ತದೆ. ಹೆಗಲ ಮೂಳೆಗಳು ಬೆನ್ನಲ್ಲಿ ಹತ್ತಿರ ಬಂದದ್ದು ತಿಳಿಯಬೇಕು. ಮೊಣಕೈ ಪೂರ್ತಿ ಚಾಚಿ ಝಾಡಿಸಬೇಡಿ, ಒಂದಿಷ್ಟು ಮಡಿಕೆ ಉಳಿಯಲಿ. ನಿಧಾನಕ್ಕೆ ಒಂದೊಂದು ಕೈಗೆ 5. ತೊಂದರೆ ಇಲ್ಲದಿದ್ದರೆ ಮುಂದಿನ ವಾರ 8, ಆಮೇಲೆ 10.

ಕೊನೆಗೆ ಅಗೆ ಉಕೆ, ಹಣೆಯ ಮೇಲಕ್ಕೆ ಏರುವ ತಡೆ. ಭುಜದ ನಿಜವಾದ ಪರೀಕ್ಷೆ ಇದೇ. ಕೈ ಕಣ್ಣಿನ ಮಟ್ಟಕ್ಕೆ ನಿಂತರೆ ಅಲ್ಲೇ ನಿಲ್ಲಿಸಿ. ಪಕ್ಕದವರ ಕೈ ಎಲ್ಲಿದೆ ಅಂತ ನೋಡಬೇಡಿ. ಸಣ್ಣ ಹಿಗ್ಗಿನ ಎಳೆತ ಸರಿ, ಚುಚ್ಚುವ ನೋವು ಸರಿಯಲ್ಲ. ಕೈ ಎತ್ತಿದಾಗ ಕಂಕುಳಿಂದ ಮೊಣಕೈ ಕಡೆಗೆ ತಂತಿ ಎಳೆದ ಹಾಗೆ ಚರ್ಮದ ಕೆಳಗೆ ಬಿಗಿದು ನಿಂತರೆ ಅದು ಆಪರೇಷನ್ ಆದವರಲ್ಲಿ ಕಾಣಿಸುವ ಒಂದು ತೊಂದರೆ. ಫಿಸಿಯೋಥೆರಪಿಯಿಂದ ಅದು ಬಿಡುತ್ತದೆ. ನೀವೇ ಜಗ್ಗಿ ಬಿಡಿಸಲು ಹೋಗಬೇಡಿ.

ಒಂದು ನಿಯಮ ನೆನಪಿಡಿ. ಒಂದು ವಾರಕ್ಕೆ ಒಂದನ್ನೇ ಬದಲಾಯಿಸಿ. ಎಣಿಕೆ ಏರಿಸಿದರೆ ವೇಗ ಅದೇ ಇರಲಿ. ವೇಗ ಏರಿಸಿದರೆ ಎಣಿಕೆ ಅದೇ ಇರಲಿ. ಎಲ್ಲ ಒಟ್ಟಿಗೆ ಏರಿಸಿ ಕೈ ಭಾರವಾದರೆ ಯಾವುದರಿಂದ ಆಯ್ತು ಅಂತ ತಿಳಿಯುವುದಿಲ್ಲ. ಎರಡು ಕ್ಲಾಸಿನ ನಡುವೆ ಕನಿಷ್ಠ ಒಂದು ದಿನ ಬಿಡುವು ಇರಲಿ.

ಹಂತ 7: ಮೂರನೇ ತಿಂಗಳಿಂದ

ಈಗ ಕಾತಾ. ಶೋಟೊಕಾನ್ ಶೈಲಿಯಲ್ಲಿ ಕಲಿಯುವವರಿಗೆ ತೈಕ್ಯೊಕು ಶೋದಾನ್ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಕೆಳಗಿನ ತಡೆ ಮತ್ತು ನೇರ ಪಂಚ್ ಬಿಟ್ಟು ಬೇರೇನೂ ಇಲ್ಲ. ನೀವು ಆಗಲೇ ಕಲಿತದ್ದೇ. ಕಿಯಾಯ್, ಅಂದರೆ ಹೊಡೆತದ ಜೊತೆ ತೆಗೆಯುವ ಕೂಗು, ಈಗ ಸೇರಿಸಿ. ನಾಚಿಕೆ ಬೇಡ, ಹೊಟ್ಟೆಯಿಂದ ಬರಲಿ.

ಬಲಕ್ಕೆ ಪುಶ್‌ಅಪ್ ಬೇಕು ಅಂದರೆ ಗೋಡೆಗೆ ಕೈಯಿಟ್ಟು ಮಾಡಿ. ಪ್ಯಾಡ್‌ಗೆ ಹೊಡೆಯುವುದು ಇನ್ನೂ ತಡವಾಗಿ, ಮೊದಲು ಆಪರೇಷನ್ ಆಗದ ಕೈಯಿಂದ, ಮೆತ್ತಗಿನ ಪ್ಯಾಡ್‌ಗೆ. ಆ ಇನ್ನೊಂದು ಕೈಯ ಸರದಿ ಬಂದಾಗ ಬರೀ ಮುಟ್ಟಿ ಬರುವುದರಿಂದ ಶುರು ಮಾಡಿ.

2019ರಲ್ಲಿ ಪ್ರಕಟವಾದ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಮಾರ್ಗಸೂಚಿ ಕ್ಯಾನ್ಸರ್ ದಾಟಿದವರಿಗೆ ವಾರಕ್ಕೆ 3 ದಿನ, 30 ನಿಮಿಷದ ಸಾಧಾರಣ ವೇಗದ ವ್ಯಾಯಾಮ ಹೇಳುತ್ತದೆ. ವಾರಕ್ಕೆ 2 ದಿನ ಸ್ನಾಯುಬಲದ ವ್ಯಾಯಾಮವನ್ನೂ ಸೇರಿಸಬಹುದು. ಸುಸ್ತು, ಆತಂಕ, ಖಿನ್ನತೆ ಇದರಿಂದ ತಗ್ಗುತ್ತವೆ ಅನ್ನುತ್ತದೆ. ಎರಡು ಕರಾಟೆ ಕ್ಲಾಸ್, ಒಂದೆರಡು ವಾಕಿಂಗ್, ಗೋಡೆ ಪುಶ್‌ಅಪ್ ಸೇರಿದರೆ ನೀವು ಅದರ ಹತ್ತಿರ ಬರುತ್ತೀರಿ.

ಯಾವಾಗ ನಿಲ್ಲಿಸಬೇಕು?

ಎದೆ ನೋವು, ತಲೆ ಸುತ್ತು, ನಿಂತ ಮೇಲೂ ಬಿಡದ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವವರಿಗೆ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಸ್ನಾಯು ಸೆಳೆತ ಅಂತ ಎಣ್ಣೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಆಪರೇಷನ್ ಆದ ಕಡೆಯ ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು, ಅದಕ್ಕೂ ಅವತ್ತೇ ಆಂಟಿಬಯೋಟಿಕ್ ಬೇಕು. ಸಣ್ಣ ಗೀರು, ಸೊಳ್ಳೆ ಕಚ್ಚಿ ಕೆರೆದದ್ದರಿಂದಲೂ ಇದು ಶುರುವಾಗಬಹುದು. ಹೊಸದಾಗಿ ಮೂಳೆ ನೋವು ಬಂದು ರಾತ್ರಿಯೂ ಬಿಡದಿದ್ದರೆ ಕರಾಟೆಯಿಂದ ಅಂತ ಸುಮ್ಮನಿರಬೇಡಿ, ಆಂಕಾಲಜಿಸ್ಟ್‌ಗೆ ಹೇಳಿ.

ಕ್ಲಾಸ್ ಆದ ಮರುದಿನ ಕೈ ಭಾರ ಅನ್ನಿಸಿದರೆ ಗಾಬರಿ ಬೇಡ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ವಿಶ್ರಾಂತಿ ಕೊಡಿ, ಮುಂದಿನ ಕ್ಲಾಸಿನಲ್ಲಿ ಹಿಂದಿನ ವಾರದ ಎಣಿಕೆಗೆ ಇಳಿಯಿರಿ. ಒಂದು ವಾರದಲ್ಲಿ ಹೋಗದಿದ್ದರೆ ತೋರಿಸಿ.

ಇನ್ನೆರಡು ಪ್ರಶ್ನೆ

*ಊರಿಗೆ ಹೋಗಿ ಎರಡು ವಾರ ತಪ್ಪಿತು, ಈಗ?* ಬಿಟ್ಟಲ್ಲಿಂದ ಮುಂದುವರಿಸಬೇಡಿ. ಎಣಿಕೆ ಅರ್ಧ ಮಾಡಿ, ಅಲ್ಲಿಂದ ಏರಿಸಿ. ಕೈ ಕೆರಳುವುದು ಹೆಚ್ಚಾಗಿ ಹೀಗೆ ರಜೆ ಮುಗಿಸಿ ಬಂದು ಒಮ್ಮೆಲೇ ಮಾಡಿದಾಗ.

*ಬೆಲ್ಟ್ ಪರೀಕ್ಷೆಗೆ ಕೂರಬಹುದಾ?* ಖಂಡಿತ. ಆದರೆ ಹೆಸರು ಕೊಡುವ ಮೊದಲೇ ಪರೀಕ್ಷೆಯಲ್ಲಿ ಕುಮಿತೆ ಇದೆಯೇ, ಅದರ ಬದಲು ಇನ್ನೊಂದು ಕಾತಾ ಮಾಡಿದರೆ ಒಪ್ಪುತ್ತಾರೆಯೇ ಅಂತ ಕೇಳಿ. ಬಹಳಷ್ಟು ಮೇಷ್ಟ್ರುಗಳು ಒಪ್ಪುತ್ತಾರೆ. ಒಪ್ಪದಿದ್ದರೆ ಪರೀಕ್ಷೆ ಬಿಡಿ, ಕ್ಲಾಸ್ ಬಿಡಬೇಡಿ. ಪರೀಕ್ಷೆಯ ದಿನ ಗಂಟೆಗಟ್ಟಲೆ ಕಾಯಿಸುವುದುಂಟು. ನೀರು, ಮಾತ್ರೆ, ಒಂದು ಬಾಳೆಹಣ್ಣು ಜೊತೆಗಿರಲಿ. ನಿಮ್ಮ ಸರದಿ ಬರುವ ಮೊದಲು ಭುಜಗಳನ್ನು ಹತ್ತು ಸಲ ನಿಧಾನವಾಗಿ ತಿರುಗಿಸಿ ಬಿಸಿ ಮಾಡಿಕೊಳ್ಳಿ.